ಕತ್ತರಿಯಿಂದ ಪಾರಾಗಿ ಬಂದ ಎರಡು ಗಂಟೆ

ಪುಸ್ತಕಕ್ಕೆ ಪರಿಷ್ಕೃತ ಮುದ್ರಣ ಎಂಬುದು ನಮಗೆ ಹೊಸ ಸಂಗತಿಯೇನಲ್ಲ. ಲೇಖಕ ಒಂದು ಅಧ್ಯಾಯ ಸೇರಿಸುತ್ತಾನೆ, ಇನ್ನೊಂದನ್ನು ತಿದ್ದುತ್ತಾನೆ, ಓದುಗ ಎರಡನ್ನೂ ಹೋಲಿಸಿ ನೋಡುತ್ತಾನೆ. ಆದರೆ ಸಿನೆಮಾಕ್ಕೆ ಬಹುಕಾಲ ಈ ಭಾಗ್ಯವಿರಲಿಲ್ಲ. ಬಿಡುಗಡೆಯ ದಿನ ತೆರೆಯ ಮೇಲೆ ಏನಿತ್ತೋ ಅದೇ ಅದರ ಕೊನೆಯ ರೂಪ. 1942ರಲ್ಲಿ ಆರ್ಸನ್ ವೆಲ್ಸ್‌ನ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' ಚಿತ್ರದಿಂದ ನಿರ್ಮಾಣ ಸಂಸ್ಥೆಯಾದ ಆರ್‌ಕೆಒ 40 ನಿಮಿಷಕ್ಕೂ ಹೆಚ್ಚು ಭಾಗವನ್ನು ಕತ್ತರಿಸಿತು. ಆ ರೀಲುಗಳನ್ನು ಆಮೇಲೆ ನಾಶಪಡಿಸಲಾಯಿತು. ಇಂದಿಗೂ ಅವು ಸಿಕ್ಕಿಲ್ಲ.

ಈ ಪರಿಸ್ಥಿತಿ ಬದಲಾದದ್ದು ಸಿನೆಮಾ ಮನೆಯೊಳಗೆ ಕಾಲಿಟ್ಟ ಮೇಲೆ. 1984ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 'ಕಿಂಗ್ ಕಾಂಗ್' ಚಿತ್ರವನ್ನು ಲೇಸರ್ ಡಿಸ್ಕ್ ರೂಪದಲ್ಲಿ ಹೊರತಂದಾಗ, ಚಿತ್ರದ ಜೊತೆಜೊತೆಗೇ ಒಬ್ಬ ತಜ್ಞನ ವಿವರಣೆಯನ್ನೂ ಕೇಳುವ ವ್ಯವಸ್ಥೆ ಮಾಡಿತ್ತು. ಗ್ರಂಥಕ್ಕೆ ಟೀಕೆ ಬರೆಯುವ ಹಳೆಯ ವಿದ್ವಾಂಸರ ಪದ್ಧತಿ ಹೀಗೆ ಸಿನೆಮಾಕ್ಕೂ ಬಂತು. 1996ರ ಕೊನೆಯಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಡಿವಿಡಿ ಮಾರುಕಟ್ಟೆಗೆ ಬಂದಾಗ, ಶ್ರೀಮಂತ ಹವ್ಯಾಸಿಗಳ ಈ ಸುಖ ಮಧ್ಯಮ ವರ್ಗದ ಮನೆಗಳನ್ನೂ ತಲುಪಿತು. ಈ ಹೊಸ ಅನುಕೂಲವನ್ನು ಪೂರ್ಣವಾಗಿ ಬಳಸಿಕೊಂಡವರಲ್ಲಿ ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜಾಕ್ಸನ್ ಪ್ರಮುಖ. ಅವನ 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರತ್ರಯದ ವಿಸ್ತೃತ ಆವೃತ್ತಿಗಳ ಕತೆ ಇಲ್ಲಿಂದಲೇ ಆರಂಭವಾಗುತ್ತದೆ.

ಮೂಲ ಕಾದಂಬರಿಯ ಕರ್ತೃ ಜೆ.ಆರ್.ಆರ್. ಟೋಲ್ಕಿನ್ ಆಕ್ಸ್‌ಫರ್ಡಿನ ಭಾಷಾಶಾಸ್ತ್ರದ ಪ್ರಾಧ್ಯಾಪಕ. ಅವನು ಬರೆದದ್ದು ಒಂದೇ ಕಾದಂಬರಿ. 1954-55ರಲ್ಲಿ ಪ್ರಕಾಶಕರು ಅದನ್ನು ಮೂರು ಸಂಪುಟಗಳಾಗಿ ಹಂಚಿ ಮುದ್ರಿಸಿದರು. ಕತೆಯನ್ನು ತಿದ್ದುವ ವಿಷಯದಲ್ಲಿ ಟೋಲ್ಕಿನ್‌ಗೂ ಸಂಕೋಚವಿರಲಿಲ್ಲ. 1937ರ 'ದಿ ಹಾಬಿಟ್' ಪುಸ್ತಕದಲ್ಲಿ ಉಂಗುರ ಕೈಗೆ ಸಿಗುವ ಪ್ರಸಂಗ, ಆಮೇಲೆ ಬರೆದ ದೊಡ್ಡ ಕತೆಗೆ ಹೊಂದುವುದಿಲ್ಲವೆಂದು 1951ರ ಮುದ್ರಣದಲ್ಲಿ ಅದನ್ನು ಬದಲಿಸಿಬಿಟ್ಟ.

ಜಾಕ್ಸನ್ ಮೊದಲು ಹೋದದ್ದು ಮಿರಾಮ್ಯಾಕ್ಸ್ ಸಂಸ್ಥೆಯ ಬಳಿಗೆ. ಎರಡು ಚಿತ್ರಗಳೆಂದು ಆರಂಭವಾದ ಯೋಜನೆಯನ್ನು ಒಂದೇ ಚಿತ್ರಕ್ಕೆ ಇಳಿಸಬೇಕೆಂದು ಅಲ್ಲಿ ಒತ್ತಾಯ ಬಂತು. ಆಗ ಅವನು ನ್ಯೂ ಲೈನ್ ಸಿನೆಮಾದ ಬಾಗಿಲು ತಟ್ಟಿದ. ಅಲ್ಲಿನ ಮುಖ್ಯಸ್ಥ ರಾಬರ್ಟ್ ಶೇ, ಮೂರು ಪುಸ್ತಕಗಳಿರುವಾಗ ಮೂರು ಚಿತ್ರಗಳೇಕಾಗಬಾರದು ಎಂದು ಕೇಳಿದ. 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್‌ವರೆಗೆ ಮೂರೂ ಚಿತ್ರಗಳ ಮುಖ್ಯ ಚಿತ್ರೀಕರಣ ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ನಡೆಯಿತು.

ಚಿತ್ರಮಂದಿರಕ್ಕೆ ಅದರದೇ ಆದ ಲೆಕ್ಕಾಚಾರವಿದೆ. ಚಿತ್ರ ಉದ್ದವಾದಷ್ಟೂ ದಿನದ ಪ್ರದರ್ಶನಗಳು ಕಡಿಮೆಯಾಗುತ್ತವೆ, ಗಲ್ಲಾಪೆಟ್ಟಿಗೆ ಸೊರಗುತ್ತದೆ. ಹಾಗಾಗಿ 2001, 2002 ಮತ್ತು 2003ರ ಡಿಸೆಂಬರ್‌ಗಳಲ್ಲಿ ತೆರೆಕಂಡ ಮೂರು ಚಿತ್ರಗಳು ಕ್ರಮವಾಗಿ 178, 179 ಮತ್ತು 201 ನಿಮಿಷಗಳಿಗೆ ನಿಂತವು. ಡಿವಿಡಿಗೆ ಈ ಹಂಗಿಲ್ಲ. 2002ರ ಆಗಸ್ಟ್‌ನಲ್ಲಿ ಮೊದಲ ಚಿತ್ರದ ಸಾಮಾನ್ಯ ಡಿವಿಡಿ ಬಂತು. ಅದೇ ನವೆಂಬರ್‌ನಲ್ಲಿ, ಹಳೆಯ ಗ್ರಂಥದ ರಟ್ಟಿನಂತೆ ಕಾಣುವ ಪೆಟ್ಟಿಗೆಯಲ್ಲಿ, ನಾಲ್ಕು ಡಿಸ್ಕ್‌ಗಳ ವಿಸ್ತೃತ ಆವೃತ್ತಿ ಬಂತು. ಮುಂದಿನ ಎರಡು ಚಿತ್ರಗಳ ವಿಸ್ತೃತ ಆವೃತ್ತಿಗಳು 2003ರ ನವೆಂಬರ್ ಮತ್ತು 2004ರ ಡಿಸೆಂಬರ್‌ನಲ್ಲಿ ಬಂದವು. ಮೊದಲನೆಯದಕ್ಕೆ ಸುಮಾರು 30, ಎರಡನೆಯದಕ್ಕೆ 43, ಮೂರನೆಯದಕ್ಕೆ 50 ನಿಮಿಷ ಸೇರಿದ್ದವು. ಒಟ್ಟಾರೆ ಎರಡು ಗಂಟೆಗೂ ಸ್ವಲ್ಪ ಹೆಚ್ಚು.

ಕತ್ತರಿಸಿದ ತುಣುಕುಗಳನ್ನು ಕೊನೆಗೆ ಬಾಲದಂತೆ ಅಂಟಿಸಿದ ಕೆಲಸ ಇದಾಗಿರಲಿಲ್ಲ. ದೃಶ್ಯಗಳನ್ನು ಅವುಗಳ ಜಾಗದಲ್ಲೇ ಹೆಣೆದು ಇಡೀ ಚಿತ್ರವನ್ನು ಮರುಸಂಕಲನ ಮಾಡಲಾಯಿತು. ಹೋವರ್ಡ್ ಶೋರ್ ಹೊಸ ಭಾಗಗಳಿಗೆ ಹೊಸದಾಗಿ ಸಂಗೀತ ರಚಿಸಿದ. 2004ರ ಫೆಬ್ರವರಿ 29ರಂದು ಮೂರನೆಯ ಚಿತ್ರ 11 ಆಸ್ಕರ್‌ಗಳನ್ನು ಗೆದ್ದಿತು. ಅದಾದ ಮೇಲೂ ಜಾಕ್ಸನ್ ವಿಸ್ತೃತ ಆವೃತ್ತಿಗಾಗಿ, ಉರುಳಿ ಬರುವ ತಲೆಬುರುಡೆಗಳ ಒಂದು ತುಣುಕನ್ನು ಚಿತ್ರೀಕರಿಸಿದ! ಪ್ರಶಸ್ತಿ ಬಂದ ಮೇಲೂ ಚಿತ್ರೀಕರಣ ಮುಂದುವರಿದ ಇಂಥ ಉದಾಹರಣೆಗಳು ವಿರಳ.

ಇನ್ನು, ಸೇರಿದ್ದು ಏನು ಎಂಬ ಮುಖ್ಯ ಪ್ರಶ್ನೆ. ಯುದ್ಧದ ಅಬ್ಬರವೇ ಹೆಚ್ಚಿರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ಚಿತ್ರಮಂದಿರದ ಆತುರಕ್ಕೆ ಮೊದಲು ಬಲಿಯಾಗಿದ್ದದ್ದು ಮನುಷ್ಯ ಸಂಬಂಧಗಳ ಸೂಕ್ಷ್ಮ ದೃಶ್ಯಗಳು. ಕುಳ್ಳರ ಕುಲಕ್ಕೂ ಎಲ್ಫ್ ಕುಲಕ್ಕೂ ತಲೆಮಾರುಗಳ ಹಗೆ. ಆ ಕುಳ್ಳರ ಕುಲದ ಗಿಮ್ಲಿ ಎಲ್ಫ್ ರಾಣಿ ಗಲಾಡ್ರಿಯಲ್‌ಳಲ್ಲಿ ಉಡುಗೊರೆಯಾಗಿ ಕೇಳುವುದು ಅವಳ ತಲೆಗೂದಲಿನ ಒಂದು ಎಳೆಯನ್ನು. ಅವಳು ಕೊಡುವುದು ಮೂರು. ಒಂದು ಹಗೆ ಕರಗಿದ ಈ ಗಳಿಗೆ ವಿಸ್ತೃತ ಆವೃತ್ತಿಯಲ್ಲಿ ಮಾತ್ರ ಇದೆ.

ಎರಡನೆಯ ಚಿತ್ರದ ಫರಾಮಿರ್‌ನನ್ನು ನೋಡಿ. ಚಿತ್ರಮಂದಿರದ ಆವೃತ್ತಿಯಲ್ಲಿ ಅವನು ಉಂಗುರ ಹೊತ್ತ ಫ್ರೋಡೊನನ್ನು ಬಂಧಿಸಿ ಎಳೆದೊಯ್ಯುವ ಕಠೋರ ದಳಪತಿ. ವಿಸ್ತೃತ ಆವೃತ್ತಿಯಲ್ಲಿ ಅವನ ತಂದೆ ಡೆನೆಥಾರ್, ಹಿರಿಯ ಮಗ ಬೊರೊಮಿರ್‌ನನ್ನು ತಬ್ಬಿಕೊಂಡು ಕಿರಿಯವನನ್ನು ಎಲ್ಲರೆದುರು ಹೀಯಾಳಿಸುವ ದೃಶ್ಯವಿದೆ. ಹೋಗಲು ಮನಸ್ಸಿಲ್ಲದ ಬೊರೊಮಿರ್‌ನನ್ನು ಉಂಗುರಕ್ಕಾಗಿ ಅಟ್ಟಿದವನು ಆ ತಂದೆಯೇ. ಅಷ್ಟು ನೋಡಿದ ಮೇಲೆ ಇಬ್ಬರು ಮಕ್ಕಳ ತಪ್ಪುಗಳೂ ಬೇರೆಯಾಗಿಯೇ ಕಾಣುತ್ತವೆ.

ಅದೇ ಚಿತ್ರದಲ್ಲಿ ದಕ್ಷಿಣದಿಂದ ಆನೆಗಳೊಡನೆ ಬರುವ ಹರಾದ್ ದೇಶದ ಸೈನಿಕರಿದ್ದಾರೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡವರು, ಒಂದು ಮಾತೂ ಇಲ್ಲದವರು, ಬಾಣ ತಾಗಿ ಬೀಳುವುದಕ್ಕಷ್ಟೇ ಬಂದವರು. ಈ ಚಿತ್ರ ತೆರೆಕಂಡ 2002ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಯುದ್ಧ ನಡೆದಿತ್ತು, ಇರಾಕ್ ಯುದ್ಧಕ್ಕೆ ಸಿದ್ಧತೆ ಸಾಗಿತ್ತು. ಟೋಲ್ಕಿನ್ ಮಾತ್ರ ಈ ಶತ್ರುವನ್ನು ಮುಖವಿಲ್ಲದವನಾಗಿ ಬಿಟ್ಟಿರಲಿಲ್ಲ. 1916ರ ಸಾಮ್ ಕದನದಲ್ಲಿದ್ದು ಹೆಣಗಳ ರಾಶಿ ಕಂಡವನು ಅವನು. ಪುಸ್ತಕದಲ್ಲಿ ಸತ್ತುಬಿದ್ದ ಒಬ್ಬ ದಕ್ಷಿಣದ ಸೈನಿಕನನ್ನು ನೋಡಿ ಮುಗ್ಧ ಸ್ಯಾಮ್ ಯೋಚಿಸುತ್ತಾನೆ: ಇವನ ಹೆಸರೇನು, ಊರು ಯಾವುದು, ಇವನು ನಿಜಕ್ಕೂ ಕೆಟ್ಟವನೇ, ಯಾರ ಸುಳ್ಳು ಅಥವಾ ಬೆದರಿಕೆ ಇವನನ್ನು ಮನೆಯಿಂದ ಇಷ್ಟು ದೂರ ತಂದಿತು? ಜಾಕ್ಸನ್ ಈ ಯೋಚನೆಯನ್ನು ಫರಾಮಿರ್‌ನ ಬಾಯಲ್ಲಿಟ್ಟು ಚಿತ್ರೀಕರಿಸಿದ. ಆದರೆ ಚಿತ್ರಮಂದಿರದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಕೋಟ್ಯಂತರ ಜನ ಸೈನಿಕ ಬೀಳುವುದನ್ನು ನೋಡಿದರು. ಅವನ ಹೆಸರು ಕೇಳುವ ಮಾತು ತಲುಪಿದ್ದು, 2003ರ ನವೆಂಬರ್‌ನಲ್ಲಿ, ಆ ದುಬಾರಿ ಪೆಟ್ಟಿಗೆ ಕೊಂಡವರಿಗೆ. ಇದರಲ್ಲಿ ಯಾರದೋ ಸಂಚು ಹುಡುಕಬೇಕಿಲ್ಲ. ಸಮಯ ಸಾಲದಾದಾಗ ಕತೆ ಹೇಳುವವನು ಮೊದಲು ಕೈಬಿಡುವುದು ಶತ್ರುವಿನ ಮೇಲಿನ ಕನಿಕರವನ್ನು ಎಂಬುದಷ್ಟೇ ಇಲ್ಲಿನ ಪಾಠ. ಪತ್ರಿಕೆಯ ಸುದ್ದಿಗೂ ಇದು ಹೊರತಲ್ಲ.

ಹಾಗೆಂದು ಸೇರಿಸಿದ್ದೆಲ್ಲ ಚಿನ್ನವಲ್ಲ. ಮೂರನೆಯ ಚಿತ್ರದ ವಿಸ್ತೃತ ಆವೃತ್ತಿಯಲ್ಲಿ ವೈರಿ ಸೌರಾನ್‌ನ ದೂತ ಕೋಟೆಯ ಬಾಗಿಲಿಗೆ ಬಂದು ಕೊಂಕು ನುಡಿಯುತ್ತಾನೆ. ನಾಯಕ ಅರಗಾರ್ನ್ ಖಡ್ಗ ಬೀಸಿ ಅವನ ತಲೆ ಹಾರಿಸುತ್ತಾನೆ. ಪುಸ್ತಕದಲ್ಲಿ ಹಾಗಿಲ್ಲ. ಅಲ್ಲಿ ಅರಗಾರ್ನ್ ಸುಮ್ಮನೆ ದಿಟ್ಟಿಸುತ್ತಾನೆ, ದೂತ ಅಷ್ಟಕ್ಕೇ ಬೆದರುತ್ತಾನೆ, ಜೀವಸಹಿತ ಹಿಂದಿರುಗುತ್ತಾನೆ. ದೂತನನ್ನು ಕೊಲ್ಲಬಾರದೆಂಬ ನೀತಿ ನಮಗೂ ಗೊತ್ತು. ರಾವಣನ ಸಭೆಯಲ್ಲಿ ಹನುಮಂತನ ಪರವಾಗಿ ವಿಭೀಷಣ ಆಡಿದ್ದು ಇದೇ ಮಾತನ್ನು. ಇಲ್ಲಿ ಕತ್ತರಿಯೇ ನಾಯಕನ ಮಾನ ಉಳಿಸಿತ್ತು!

ಸಾರುಮಾನ್‌ನ ಪಾತ್ರ ವಹಿಸಿದ್ದ ಹಿರಿಯ ನಟ ಕ್ರಿಸ್ಟೋಫರ್ ಲೀಯ ಪ್ರಸಂಗವೂ ಉಲ್ಲೇಖನೀಯ. ಟೋಲ್ಕಿನ್‌ನನ್ನು ಪ್ರತ್ಯಕ್ಷ ಕಂಡಿದ್ದ ಆತ, ಮೂರನೆಯ ಚಿತ್ರದಿಂದ ತನ್ನ ದೃಶ್ಯಗಳನ್ನೆಲ್ಲ ತೆಗೆದುಹಾಕಿದ್ದಕ್ಕೆ ನೊಂದು ಪ್ರಥಮ ಪ್ರದರ್ಶನಕ್ಕೇ ಹೋಗಲಿಲ್ಲ. ಆ ಖಳನ ಅಂತ್ಯ ಮನೆಯ ಪರದೆಯಲ್ಲಿ ಮಾತ್ರ ನಡೆಯಿತು.

ಜಾಕ್ಸನ್ ಈ ಆವೃತ್ತಿಗಳನ್ನು 'ನಿರ್ದೇಶಕನ ಆವೃತ್ತಿ' ಎಂದು ಕರೆಯಲಿಲ್ಲ, 'ವಿಸ್ತೃತ' ಎಂದಷ್ಟೇ ಕರೆದ. ಇದು ಗಮನಿಸಬೇಕಾದ ಅಂಶ. ಒಂದು ಸರಿ, ಇನ್ನೊಂದು ತಪ್ಪು ಎಂದು ಅವನು ತೀರ್ಪು ಕೊಡಲಿಲ್ಲ. 2020ರ ಕೊನೆಯಲ್ಲಿ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಹೊರಬಂದ ಪೆಟ್ಟಿಗೆಯಲ್ಲೂ ಎರಡೂ ಆವೃತ್ತಿಗಳು ಅಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ದೂತ ಬರುವುದೇ ಇಲ್ಲ, ಸತ್ತ ಸೈನಿಕನಿಗಾಗಿ ಯಾರೂ ನಿಲ್ಲುವುದಿಲ್ಲ. ಇನ್ನೊಂದರಲ್ಲಿ ದೂತನ ತಲೆ ಉರುಳುತ್ತದೆ, ಆದರೆ ಸೈನಿಕನ ಹೆಣದ ಮುಂದೆ ಒಬ್ಬ ನಿಂತು ಅವನ ಊರು ಯಾವುದೆಂದು ಕೇಳುತ್ತಾನೆ.