ಸುನನ್ ಅಬೂ ದಾವೂದ್

ಸುನ್ನಿ ಪರಂಪರೆಯ ಆರು ಪ್ರಮುಖ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹಗಳಲ್ಲಿ ಒಂದು. ಸಂಕಲನಕಾರ ಸಿಜಿಸ್ತಾನದ ಇಮಾಮ್ ಅಬೂ ದಾವೂದ್ (817–889). ಸುಮಾರು 5 ಲಕ್ಷ ವರದಿಗಳಿಂದ 4,800ನ್ನು ಆಯ್ದುದಾಗಿ ಅವರೇ ಹೇಳಿದ್ದಾರೆ. ನಮಾಝ್, ವ್ಯಾಪಾರ, ಆಹಾರ ಮೊದಲಾದವುಗಳ ವಿಧಿಗಳಿಗೆ ಆಧಾರವಾಗುವ ಹದೀಸ್‌ಗಳೇ ಇದರ ತಿರುಳು.

ಇದರಲ್ಲಿರುವುದೆಲ್ಲ ಸಹೀಹ್ (ದೃಢವಾಗಿ ಪ್ರಮಾಣಿತ) ಎಂಬ ಜನಪ್ರಿಯ ನಂಬಿಕೆಯನ್ನು ಸಂಕಲನಕಾರರ ಮಾತೇ ಒಪ್ಪುವುದಿಲ್ಲ. ತೀರಾ ದುರ್ಬಲವಾದುದನ್ನು ಗುರುತಿಸಿದ್ದೇನೆ, ಏನೂ ಹೇಳದೆ ಬಿಟ್ಟದ್ದು ಸ್ವೀಕಾರಯೋಗ್ಯ ಎಂದು ಅವರು ಮಕ್ಕಾದವರಿಗೆ ಪತ್ರ ಬರೆದಿದ್ದರು. ಈ ಮೌನವೇ ಶತಮಾನಗಳ ಚರ್ಚೆಗೆ ಕಾರಣವಾಯಿತು. ಅವರು ಮೌನವಾಗಿ ಬಿಟ್ಟ ಹದೀಸ್‌ಗಳನ್ನು, ಬೇರೆ ಯಾರೂ ಸಹೀಹ್ ಎನ್ನದಿದ್ದರೆ, ‘ಹಸನ್’ (ಸಹೀಹ್‌ಗಿಂತ ಕೆಳಗಿನ, ಆದರೆ ಸ್ವೀಕಾರಾರ್ಹ) ದರ್ಜೆಯವೆಂದು ಎಣಿಸಬಹುದು ಎಂದವರು ಇಬ್ನ್ ಸಲಾಹ್ (ನಿಧನ 1245). ಪ್ರತಿ ಹದೀಸಿನ ಸನದನ್ನೂ (ವರದಿಗಾರರ ಸರಪಳಿಯನ್ನು) ಬೇರೆಬೇರೆಯಾಗಿ ಪರೀಕ್ಷಿಸಲೇಬೇಕು ಎಂದವರು ಇಬ್ನ್ ಹಜರ್ (ನಿಧನ 1449). ಎರಡನೆಯದೇ ಹೆಚ್ಚು ಗಟ್ಟಿ ನಿಲುವು. ಏಕೆಂದರೆ ಲುಲುಯಿ, ಇಬ್ನ್ ದಾಸಾ ಮುಂತಾದ ಶಿಷ್ಯರ ಪ್ರತಿಗಳು ಒಂದೇ ರೀತಿಯಾಗಿಲ್ಲ. ಒಂದರಲ್ಲಿ ಇಲ್ಲದ ಟಿಪ್ಪಣಿ ಇನ್ನೊಂದರಲ್ಲಿದೆ.

ಕರ್ನಾಟಕ ಕರಾವಳಿಯ ಬದುಕಿಗೆ ನೇರವಾಗಿ ತಾಗುವ ಎರಡು ವರದಿಗಳನ್ನು ಇಲ್ಲಿ ನೋಡಬಹುದು. ಅಲ್ಲಿನ ಹೊನ್ನಾವರದ ಮುಸ್ಲಿಮರು ಶಾಫಿ ಮದ್‌ಹಬ್‌ಗೆ (ಧರ್ಮವಿಧಿ ಪಂಥಕ್ಕೆ) ಸೇರಿದವರೆಂದು 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಭಟ್ಕಳದ ನವಾಯತರು ಇಂದಿಗೂ ಶಾಫಿ ಮದ್‌ಹಬ್‌ನವರು. ಮೊದಲನೆಯದಾಗಿ, ಸಮುದ್ರದ ನೀರು ಶುದ್ಧ, ಅದರಲ್ಲಿ ಸತ್ತದ್ದೂ ಹಲಾಲ್ ಎಂಬರ್ಥದ, ಪ್ರವಾದಿಯವರ ಸಂಗಡಿಗ ಅಬೂ ಹುರೈರಾ ಅವರ ವರದಿ ಶುದ್ಧೀಕರಣದ ಅಧ್ಯಾಯದಲ್ಲಿದೆ. ಹದೀಸ್ ಸಂಕಲನಕಾರ ಬುಖಾರಿ ತಮ್ಮ ಸಂಗ್ರಹದಲ್ಲಿ ಇದನ್ನು ಸೇರಿಸದಿದ್ದರೂ ಸಹೀಹ್ ಎಂದೇ ಭಾವಿಸಿದ್ದರೆಂದು ಇನ್ನೊಬ್ಬ ಸಂಕಲನಕಾರ ತಿರ್ಮಿದಿ ದಾಖಲಿಸಿದ್ದಾರೆ. ಎರಡನೆಯದು ಆಹಾರದ ಅಧ್ಯಾಯದಲ್ಲಿರುವ, ಇನ್ನೊಬ್ಬ ಸಂಗಡಿಗ ಜಾಬಿರ್ ಅವರ ವರದಿ: ಕಡಲು ಎಸೆದದ್ದನ್ನೂ ಇಳಿತದಲ್ಲಿ ದಡದಲ್ಲಿ ಉಳಿದದ್ದನ್ನೂ ತಿನ್ನಬಹುದು, ಸತ್ತು ತೇಲುವುದನ್ನು ತಿನ್ನಬಾರದು. ಸುಫ್ಯಾನ್, ಅಯ್ಯೂಬ್, ಹಮ್ಮಾದ್ ಎಂಬ ವರದಿಗಾರರು ಇದನ್ನು ಪ್ರವಾದಿಯವರ ಮಾತಾಗಿ ಅಲ್ಲ, ಜಾಬಿರ್ ಅವರ ಮಾತಾಗಿ ವರದಿ ಮಾಡಿದ್ದಾರೆಂದು ಅದರ ಕೆಳಗೇ ಅಬೂ ದಾವೂದ್ ಸೂಚಿಸುತ್ತಾರೆ. ಹನಫಿ ಮದ್‌ಹಬ್‌ನವರು ಜಾಬಿರ್ ಅವರ ಈ ವರದಿಯನ್ನು ಆಧಾರವಾಗಿ ಹಿಡಿದರು, ಶಾಫಿಗಳು ಒಪ್ಪಲಿಲ್ಲ. ತಾನಾಗಿ ಸತ್ತು ನೀರ ಮೇಲೆ ತೇಲುವ ಬಂಗುಡೆ ಒಬ್ಬರಿಗೆ ನಿಷಿದ್ಧ, ಇನ್ನೊಬ್ಬರಿಗೆ ಹಲಾಲ್ ಆದದ್ದು ಹೀಗೆ.

ಭಾರತದ ವಿದ್ವಾಂಸರಾದ ಶಂಸುಲ್ ಹಕ್ ಅಝೀಮಾಬಾದಿ (ನಿಧನ 1911), ಖಲೀಲ್ ಅಹ್ಮದ್ ಸಹಾರನ್‌ಪುರಿ (ನಿಧನ 1927) ಈ ಸಂಗ್ರಹಕ್ಕೆ ವಿಸ್ತೃತ ವ್ಯಾಖ್ಯಾನಗಳನ್ನು ರಚಿಸಿದರು. ಹದೀಸ್ ವಿದ್ವಾಂಸ ಅಲ್ಬಾನಿ (ನಿಧನ 1999) ಸಂಗ್ರಹವನ್ನು ಸಹೀಹ್, ದುರ್ಬಲ ಎಂದು ಎರಡು ಪುಸ್ತಕಗಳಾಗಿ ಒಡೆದರು. ಓದುಗರಿಗೆ ಇದು ಅನುಕೂಲ, ಆದರೆ ಒಂದೇ ಪುಸ್ತಕ ಹಿಡಿದವರಿಗೆ ಮತಭೇದದ ಇನ್ನೊಂದು ಬದಿ ಕಾಣುವುದಿಲ್ಲ. ಶುಐಬ್ ಅರ್ನಾವೂತ್ (ನಿಧನ 2016) ಮೂಲವನ್ನು ಒಡೆಯದೆ ಪ್ರತಿ ಹದೀಸಿನ ಅಡಿಯಲ್ಲೇ ಅದರ ದರ್ಜೆಯನ್ನು ಬರೆದರು.