ನುಗ್ಗೇಹಳ್ಳಿಯ ಶಿಲ್ಪವೂ ಛಾಯಾಗ್ರಹಣದ ಹಳೆಯ ಪೆಟ್ಟಿಗೆಯೂ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯು ಹೊಯ್ಸಳ ಶಿಲ್ಪದ ಅಭಿಮಾನಿಗಳಿಗೆ ಅಪರಿಚಿತವಾದ ಸ್ಥಳವಲ್ಲ. ವೀರಸೋಮೇಶ್ವರನ ಆಳಿಕೆಯಲ್ಲಿ ಬೊಮ್ಮಣ್ಣ ದಂಡನಾಯಕನು ಕ್ರಿ. ಶ. ೧೨೪೬ರಲ್ಲಿ ಕಟ್ಟಿಸಿದ ಇಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವು ತ್ರಿಕೂಟವಾಗಿದ್ದು, ಕೇಶವ, ಲಕ್ಷ್ಮೀನರಸಿಂಹ, ವೇಣುಗೋಪಾಲ ಎಂಬ ಮೂರು ಮೂರ್ತಿಗಳಿಗೆ ನೆಲೆಯಾಗಿದೆ. ಇದರ ಹೊರಗೋಡೆಯ ವಿಗ್ರಹಗಳನ್ನು ಕಡೆದ ಶಿಲ್ಪಿಗಳು ತಮ್ಮ ಹೆಸರುಗಳನ್ನೂ ಕಲ್ಲಿನಲ್ಲಿ ಬಿಟ್ಟು ಹೋಗಿದ್ದಾರೆ. ದಕ್ಷಿಣದ ಕಡೆಯ ಕೆಲಸ ಬೈಚೋಜನದು, ಉತ್ತರದ ಕಡೆಯದು ಮಲ್ಲಿತಮ್ಮನದು. ಒಂದೇ ಗುಡಿಯ ಎರಡು ಪಾರ್ಶ್ವಗಳಲ್ಲಿ ಇಬ್ಬರು ಪ್ರವೀಣರ ಕೈಗಳನ್ನು ಹೋಲಿಸಿ ನೋಡುವ ಭಾಗ್ಯವು ಎಲ್ಲೆಡೆಯೂ ದೊರೆಯತಕ್ಕದ್ದಲ್ಲ.

ಈ ಎರಡು ಗೋಡೆಗಳ ಚಿತ್ರವನ್ನು ಫಿಲ್ಮು ಹಾಕುವ ಹಳೆಯ ಕ್ಯಾಮರಾದಿಂದ ತೆಗೆಯಬೇಕೆಂದು ಹೊರಟವನಿಗೆ ಎರಡು ವಿದ್ಯೆಗಳು ಬೇಕು. ಫಿಲ್ಮನ್ನು ಬೆಳಕು ಸೋಂಕದಂತೆ ಪೆಟ್ಟಿಗೆಗೆ ತುಂಬಿ ಹಾಗೆಯೇ ಹೊರಗೆ ತೆಗೆಯುವುದು ಮೊದಲನೆಯದು. ಅದು ಕತ್ತಲೆಯ ವಿದ್ಯೆ. ಎಷ್ಟು ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡಬೇಕೆಂದು ತಿಳಿಯುವುದು ಎರಡನೆಯದು. ಅದು ಬೆಳಕಿನ ವಿದ್ಯೆ. ಹೊಸಬರು ಎರಡನೆಯದನ್ನೇ ಕಲೆಯೆಂದು ಬಗೆದು, ಮೊದಲನೆಯದನ್ನು ಬರಿಯ ಕೈಕೆಲಸವೆಂದು ಉದಾಸೀನ ಮಾಡುವುದುಂಟು. ಆದರೆ ಹಾಸನ ಜಿಲ್ಲೆಯ ದೇವಾಲಯಗಳ ಛಾಯಾಗ್ರಹಣದ ಚರಿತ್ರೆಯನ್ನು ಪರಿಶೀಲಿಸಿದರೆ, ಮೊದಲನೆಯದು ಸಿದ್ಧಿಸದವನಿಗೆ ಎರಡನೆಯದು ನಿಷ್ಫಲವೆಂಬುದು ಸ್ಪಷ್ಟವಾಗುತ್ತದೆ.

ಬೆಳಕೇ ಬರೆಯುವ ಚಿತ್ರದ ವಾರ್ತೆಯು ಯೂರೋಪಿನಲ್ಲಿ ಪ್ರಕಟವಾದುದು ೧೮೩೯ರಲ್ಲಿ. ಫ್ರಾನ್ಸಿನ ದಾಗೇರನು ಬೆಳ್ಳಿಯ ಲೇಪವುಳ್ಳ ತಗಡಿನ ಮೇಲೂ, ಇಂಗ್ಲೆಂಡಿನ ಟಾಲ್ಬಟ್ಟನು ಕಾಗದದ ಮೇಲೂ ಚಿತ್ರ ಮೂಡಿಸಿದರು. ತಗಡಿನ ಚಿತ್ರವು ಒಂದೇ ಪ್ರತಿ; ಕಾಗದದ ಮೇಲೆ ಮೂಡಿದ ನೆಗೆಟಿವಿನಿಂದಾದರೋ ಬೇಕಾದಷ್ಟು ಪ್ರತಿಗಳು ದೊರೆಯುತ್ತಿದ್ದುವು. ಈ ಕಾಗದದ ಮಾರ್ಗವೇ ಹದಿನೈದು ವರ್ಷಗಳಲ್ಲಿ ಹಾಸನದ ನಾಡಿಗೂ ಬಂದಿತು. ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಎಂಬವನು ೧೮೫೪ರ ಡಿಸೆಂಬರಿನಲ್ಲಿ ಡಾಕ್ಟರ್ ನೀಲ್ ಎಂಬವನೊಡನೆ ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ೧೮೫೫ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಇಡಲ್ಪಟ್ಟ ಆ ಚಿತ್ರಗಳಿಗೆ ಪದಕವು ದೊರೆಯಿತು.

ಅಂದು ಸಂಚಾರಿಗಳಿಗೆ ಅನುಕೂಲವೆನಿಸಿದ್ದ ಮೇಣಗಾಗದದ ಕ್ರಮವು ಇಂತಿತ್ತು. ತೆಳುವಾದ ಒಳ್ಳೆಯ ಕಾಗದಕ್ಕೆ ಮೇಣವನ್ನು ಕರಗಿಸಿ ಕುಡಿಸಿ, ಅಯೊಡೈಡ್ ಲವಣದ ನೀರಿನಲ್ಲಿ ನೆನೆಯಿಸಿ ಒಣಗಿಸುತ್ತಿದ್ದರು. ಬಳಿಕ ಕತ್ತಲೆಕೋಣೆಯಲ್ಲಿ ಸಿಲ್ವರ್ ನೈಟ್ರೇಟಿನ ದ್ರವದಲ್ಲಿ ಅದ್ದಿ ಬೆಳಕಿಗೆ ಸೂಕ್ಷ್ಮವಾಗುವಂತೆ ಮಾಡಿ, ಮತ್ತೆ ಒಣಗಿಸಿ, ಪೆಟ್ಟಿಗೆಯ ಹಿಂಬದಿಯ ಚೌಕಟ್ಟಿಗೆ ತುಂಬುತ್ತಿದ್ದರು. ಬೆಳಕನ್ನು ಹಲವು ನಿಮಿಷ ಒಳಗೆ ಬಿಡಬೇಕಾಗಿತ್ತು. ಆಮೇಲೆ ಮಾಚಿಕಾಯಿಯಿಂದ ದೊರೆಯುವ ಗ್ಯಾಲಿಕ್ ಆಮ್ಲದಲ್ಲಿ ಚಿತ್ರವನ್ನು ಮೂಡಿಸುತ್ತಿದ್ದರು. ಇಂದಿನವರು ಅಂಗಡಿಯಲ್ಲಿ ಕೊಳ್ಳುವ ಫಿಲ್ಮನ್ನು ಅಂದಿನವನು ತನ್ನ ಕೈಯಿಂದಲೇ ತಯಾರಿಸಿಕೊಳ್ಳಬೇಕಾಗಿತ್ತು. ಎತ್ತಿನ ಗಾಡಿಯ ಕಾಲದಲ್ಲಿ ಹಳೇಬೀಡಿನವರೆಗೆ ಹೋದವನ ಒಂದು ಹಾಳೆಗೆ ಬೆಳಕಿನ ಎಳೆಯೊಂದು ತಾಗಿದರೂ, ಆ ದಿನದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಆಗುತ್ತಿತ್ತು.

ಇದೇ ವೇಳೆಗೆ ಗಾಜಿನ ಮಾರ್ಗವೂ ಬಳಕೆಗೆ ಬರುತ್ತಿತ್ತು. ೧೮೫೧ರಲ್ಲಿ ಇಂಗ್ಲೆಂಡಿನ ಆರ್ಚರನು ಪ್ರಕಟಿಸಿದ ಕ್ರಮದಲ್ಲಿ, ಕಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿನ ಮೇಲೆ ಸಮನಾಗಿ ಸುರಿದು, ಬೆಳ್ಳಿಯ ದ್ರವದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮರಾಕ್ಕೆ ತುಂಬಿ, ಆರುವುದಕ್ಕೆ ಮೊದಲೇ ಚಿತ್ರವನ್ನು ಮೂಡಿಸಬೇಕು. ಆದಕಾರಣ ಛಾಯಾಗ್ರಾಹಕನು ಹೋದಲ್ಲೆಲ್ಲ ಕತ್ತಲೆಯ ಗುಡಾರವೂ ಹೋಗಬೇಕಾಗಿತ್ತು. ನಮ್ಮ ಬೇಸಗೆಯ ಬಿಸಿಲಿನಲ್ಲಿ ಗಾಜು ಬೇಗನೆ ಆರಿಹೋಗುವುದರಿಂದ ಕಷ್ಟವು ಇಮ್ಮಡಿಯಾಗುತ್ತಿತ್ತು. ಇಂತಹ ಪ್ರಯಾಸದ ದಿನಗಳಲ್ಲಿ ಪಿಗೊ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳನ್ನು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಇವರ ಬರೆಹಗಳೊಡನೆ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಹೊಯ್ಸಳರ ಕೃತಿಗಳನ್ನು ಕಣ್ಣಾರೆ ಕಾಣದ ವಿದ್ವಾಂಸರು ಅವುಗಳನ್ನು ಕುರಿತು ವಿಚಾರಮಾಡಲು ಇಂತಹ ಚಿತ್ರಗಳು ಆಧಾರವಾದುವು.

೧೮೭೧ರಲ್ಲಿ ಮ್ಯಾಡಕ್ಸ್ ಎಂಬ ವೈದ್ಯನು ಸೂಚಿಸಿದ ಜೆಲಾಟಿನ್ ಲೇಪದ ಒಣ ಫಲಕವು ಮುಂದಿನ ದಶಕದಲ್ಲಿ ಕಾರ್ಖಾನೆಗಳಿಂದ ಸಿದ್ಧವಾಗಿ ಬರಲಾರಂಭಿಸಿತು. ಗುಡಾರದ ಹೊರೆ ತಪ್ಪಿತು. ಆದರೆ ಫಲಕವನ್ನು ತುಂಬುವ ಎಚ್ಚರವು ತಪ್ಪಲಿಲ್ಲ. ಕತ್ತಲೆಯಲ್ಲಿ ಲೇಪವಿರುವ ಮುಖ ಯಾವುದೆಂದು ತಿಳಿಯಲು ಫಲಕದ ಮೂಲೆಯನ್ನು ಒದ್ದೆ ತುಟಿಗೆ ಮುಟ್ಟಿಸಿ ನೋಡುತ್ತಿದ್ದರು. ಅಂಟಿದ ಕಡೆಯೇ ಲೇಪದ ಕಡೆ. ಚಿತ್ರ ತೆಗೆಯುವ ಸ್ಥಳದಲ್ಲಿ ಕರಿಯ ಬಟ್ಟೆಯನ್ನು ತಲೆಗೆ ಹೊದ್ದು, ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಬಿಂಬವನ್ನು ಸ್ಫುಟಮಾಡಿಕೊಂಡು, ಮಸೂರವನ್ನು ಮುಚ್ಚಿ, ಫಲಕದ ಚೌಕಟ್ಟನ್ನು ಒಳಗೆ ಸೇರಿಸಿ, ಅದರ ತಡಿಕೆಯನ್ನು ಮೇಲಕ್ಕೆಳೆದು, ಮಸೂರವನ್ನು ತೆರೆದು ಎಣಿಸಿ, ಮತ್ತೆ ಮುಚ್ಚಿ, ತಡಿಕೆಯನ್ನು ಇಳಿಸಬೇಕು. ಈ ಸರಣಿಯಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಫಲಕವು ಹಾಳು. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನ ಇಲಾಖೆಯು ೧೯೦೬ರಿಂದ ೧೯೨೨ರ ವರೆಗೆ ಆರ್. ನರಸಿಂಹಾಚಾರ್ಯರ ಆಡಳಿತದಲ್ಲಿ ದೇವಾಲಯಗಳ ಸಚಿತ್ರ ವರದಿಗಳನ್ನು ಹೊರಡಿಸಿದುದು ಗಾಜಿನ ಫಲಕದ ಈ ಯುಗದಲ್ಲಿಯೇ. ೧೯೧೭ರಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತೂ, ೧೯೧೯ರಲ್ಲಿ ಬೇಲೂರಿನ ಮತ್ತು ದೊಡ್ಡಗದ್ದವಳ್ಳಿಯ ದೇವಾಲಯಗಳನ್ನು ಕುರಿತೂ ಅವರು ಬರೆದ ಗ್ರಂಥಗಳ ಬೆಲೆಯು ಮಾತಿನಲ್ಲಿರುವಂತೆ ಚಿತ್ರಗಳಲ್ಲಿಯೂ ಇದೆ.

ಛಾಯಾಗ್ರಹಣವು ವಿದ್ವಾಂಸರಿಂದ ಗೃಹಸ್ಥರ ಮನೆಗೆ ಇಳಿದುದು ಸುರುಳಿ ಫಿಲ್ಮಿನಿಂದ. ಅಮೆರಿಕದ ಈಸ್ಟ್‌ಮನ್ನನು ೧೮೮೮ರಲ್ಲಿ ನೂರು ಚಿತ್ರಗಳ ಸುರುಳಿಯನ್ನು ತುಂಬಿಯೇ ಕೊಡಾಕ್ ಪೆಟ್ಟಿಗೆಯನ್ನು ಮಾರಿದನು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಬೇಕು. ಅಂದರೆ ಆತನು ಮೊದಲು ಹಗುರಮಾಡಿದುದು ಈ ತುಂಬುವ ಕಷ್ಟವನ್ನೇ. ೧೯೦೧ರಲ್ಲಿ ಬಂದ ೧೨೦ ಎಂಬ ಅಳತೆಯ ಸುರುಳಿಯು ಇಂದಿಗೂ ಬಳಕೆಯಲ್ಲಿದೆ. ಭಾರತದಲ್ಲಿಯೇ ತಯಾರಾಗಿ ಅನೇಕ ಮನೆಗಳಲ್ಲಿ ಮದುವೆ ಮುಂಜಿಗಳಿಗೆ ಒದಗಿದ ಆಗ್ಫಾ ಕ್ಲಿಕ್ ೩ ಎಂಬ ಪೆಟ್ಟಿಗೆಗೆ ಬೇಕಾದುದೂ ಇದೇ ಸುರುಳಿ. ಅದರಲ್ಲಿ ಚೌಕವಾದ ಹನ್ನೆರಡು ಚಿತ್ರಗಳು ಬರುತ್ತವೆ.

ಅದನ್ನು ತುಂಬುವ ಕ್ರಮವನ್ನು ಕಲಿಯಬಯಸುವವರು ನೆರಳಿನಲ್ಲಿ ಕುಳಿತುಕೊಳ್ಳಬೇಕು. ಪೆಟ್ಟಿಗೆಯ ಹಿಂಬದಿಯನ್ನು ತೆರೆದು, ಖಾಲಿ ಉರುಳೆಯನ್ನು ಸುತ್ತುವ ಗುಂಡಿಯ ಕಡೆಗೂ, ಹೊಸ ಸುರುಳಿಯನ್ನು ಇನ್ನೊಂದು ಕಡೆಗೂ ಇಡಬೇಕು. ಅಂಟುಪಟ್ಟಿಯನ್ನು ಹರಿದು, ಕಾಗದದ ತುದಿಯನ್ನು ಖಾಲಿ ಉರುಳೆಯ ಸೀಳಿಗೆ ನೆಟ್ಟಗೆ ಸೇರಿಸಿ, ಒಂದೆರಡು ಸುತ್ತು ಸುತ್ತಿ, ಓರೆಯಾಗಿಲ್ಲವೆಂದು ನೋಡಿ ಮುಚ್ಚಬೇಕು. ಬಳಿಕ ಹಿಂಬದಿಯ ಕೆಂಪು ಕಿಂಡಿಯಲ್ಲಿ ೧ ಎಂಬ ಅಂಕವು ಕಾಣುವವರೆಗೆ ಗುಂಡಿಯನ್ನು ತಿರುಗಿಸಬೇಕು. ಪ್ರತಿ ಚಿತ್ರವಾದೊಡನೆ ಮುಂದಿನ ಅಂಕಕ್ಕೆ ಸುತ್ತುವುದನ್ನು ಮರೆತರೆ ಒಂದರ ಮೇಲೊಂದು ಚಿತ್ರ ಬಿದ್ದು, ಮದುಮಗಳ ಮುಖದಲ್ಲಿ ಪುರೋಹಿತರ ಗಡ್ಡ ಮೂಡುವುದೂ ಉಂಟು. ಹನ್ನೆರಡೂ ಮುಗಿದ ಮೇಲೆ ಕಾಗದವು ಪೂರ್ತಿಯಾಗಿ ಸುತ್ತಿಕೊಳ್ಳುವವರೆಗೆ ತಿರುಗಿಸಿ, ಸಡಿಲವಾಗದಂತೆ ಹೊರಗೆ ತೆಗೆದು, ಕೊನೆಯ ಪಟ್ಟಿಯ ಅಂಟನ್ನು ಒದ್ದೆಮಾಡಿ ಅಂಟಿಸಬೇಕು.

೧೯೩೪ರಲ್ಲಿ ಡಬ್ಬಿಯೊಳಗೆ ಸುತ್ತಿಟ್ಟ ೩೫ ಮಿಲಿಮೀಟರಿನ ಫಿಲ್ಮು ಬಂದಿತು. ಇದನ್ನು ತುಂಬುವುದು ಸುಲಭವೆಂದು ತೋರಿದರೂ ಮೋಸಹೋಗುವುದು ಇಲ್ಲಿಯೇ ಹೆಚ್ಚು. ಡಬ್ಬಿಯಿಂದ ಹೊರಬಂದ ನಾಲಿಗೆಯನ್ನು ಸುತ್ತುವ ಉರುಳೆಗೆ ಸಿಕ್ಕಿಸಿ, ಅಂಚಿನ ರಂಧ್ರಗಳು ಹಲ್ಲುಗಳಲ್ಲಿ ಕೂತಿರುವುದನ್ನು ಕಂಡ ಬಳಿಕವೇ ಮುಚ್ಚಬೇಕು. ಸುತ್ತುವಾಗ ಡಬ್ಬಿಯ ಕಡೆಯ ಗುಂಡಿಯೂ ತಿರುಗಿದರೆ ಫಿಲ್ಮು ಸಾಗುತ್ತಿದೆಯೆಂದು ಅರ್ಥ. ತಿರುಗದಿದ್ದರೆ ನಾಲಿಗೆಯು ಜಾರಿದೆ. ಎಣಿಕೆಯ ಅಂಕವು ಮಾತ್ರ ೩೬ರ ವರೆಗೆ ನಿಶ್ಚಿಂತೆಯಾಗಿ ಏರುತ್ತದೆ. ದಿನವೆಲ್ಲ ಗುಡಿಯನ್ನು ಸುತ್ತಿದವನಿಗೆ ತೊಳೆದ ಮೇಲೆ ಸಿಗುವುದು ಚಿತ್ರವಿಲ್ಲದ ಬರಿಯ ಪಟ್ಟಿ. ಸಿನಿಮಾದಲ್ಲಿಯೂ ಕ್ಯಾಮರಾ ಸಹಾಯಕನಿಗೆ ಮೊದಲ ಪಾಠ ಫಿಲ್ಮು ತುಂಬುವುದೇ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಈ ವಿದ್ಯೆಯನ್ನು ಓದಿದ ಮೈಸೂರಿನ ವಿ. ಕೆ. ಮೂರ್ತಿಯವರು ಮುಂದೆ ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು.

ಕತ್ತಲೆಯ ವಿದ್ಯೆ ಕೈಸೇರಿದ ಮೇಲೆ ಬೆಳಕಿನದು. ಮಸೂರದ ರಂಧ್ರವನ್ನು ಸೂಚಿಸುವ ಅಂಕವು ದೊಡ್ಡದಾದಷ್ಟೂ ರಂಧ್ರವು ಚಿಕ್ಕದೆಂಬುದನ್ನು ಕಲಿಯುವವನು ನೆನಪಿಡಬೇಕು. ೧೦೦ ವೇಗದ ಫಿಲ್ಮಿಗೆ, ನಿಚ್ಚಳವಾದ ಬಿಸಿಲಿನಲ್ಲಿ, ರಂಧ್ರದ ಅಂಕ ೧೬ ಆದರೆ ಸೆಕೆಂಡಿನ ನೂರನೆಯ ಒಂದು ಭಾಗದ ಕಾಲವು ಸಾಕು. ಅಂಕವನ್ನು ೧೬ರಿಂದ ೧೧ಕ್ಕೆ, ೧೧ರಿಂದ ೮ಕ್ಕೆ ಇಳಿಸಿದ ಹಾಗೆಲ್ಲ ಬೆಳಕು ಇಮ್ಮಡಿಯಾಗುತ್ತದೆ. ನೆರಳಿನಲ್ಲಿರುವ ಗೋಡೆಗೆ ೮ ಅಥವಾ ಅದಕ್ಕೂ ಕಡಮೆಯ ಅಂಕವು ಬೇಕಾದೀತು. ನವರಂಗದ ಒಳಗಾದರೆ ಮೂರು ಕಾಲಿನ ಪೀಠದ ಮೇಲೆ ಪೆಟ್ಟಿಗೆಯನ್ನು ನಿಲ್ಲಿಸಿ ಸೆಕೆಂಡುಗಳನ್ನೇ ಎಣಿಸಬೇಕು.

ನುಗ್ಗೇಹಳ್ಳಿಯಲ್ಲಿ ಈ ವಿದ್ಯೆಗೆ ಪಂಚಾಂಗದ ಅರಿವೂ ಬೇಕು. ದೇವಾಲಯವು ಪೂರ್ವಾಭಿಮುಖವಾದುದು. ಈ ಊರಿರುವ ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ ಸೆಪ್ಟೆಂಬರಿನ ಕೊನೆಯಿಂದ ಮಾರ್ಚಿ ತಿಂಗಳ ಮೂರನೆಯ ವಾರದವರೆಗೆ ಸೂರ್ಯನು ದಿನವೆಲ್ಲ ದಕ್ಷಿಣದಲ್ಲಿಯೇ ಸಂಚರಿಸುವುದರಿಂದ, ಬೈಚೋಜನ ಗೋಡೆಗೆ ಬಿಸಿಲು ಯಥೇಷ್ಟ. ಮಲ್ಲಿತಮ್ಮನ ಗೋಡೆಗೆ ನೆರಳೇ ಗತಿ. ಮಾರ್ಚಿಯ ವಿಷುವದ್ದಿನವು ಕಳೆದ ಮೇಲೆ ಸೂರ್ಯೋದಯ ಸೂರ್ಯಾಸ್ತಗಳು ಉತ್ತರಕ್ಕೆ ಸರಿದು, ಮುಂಜಾನೆ ಸಂಜೆಗಳಲ್ಲಿ ಎಳೆಬಿಸಿಲು ಉತ್ತರದ ಗೋಡೆಯನ್ನು ಓರೆಯಾಗಿ ಸವರುತ್ತದೆ. ಬಳಪದ ಕಲ್ಲಿನ ಸೂಕ್ಷ್ಮವಾದ ಕೆತ್ತನೆಯು ಉಬ್ಬುತಗ್ಗುಗಳೊಡನೆ ಎದ್ದು ಕಾಣುವುದು ಇಂತಹ ಓರೆಬೆಳಕಿನಲ್ಲಿಯೇ. ಜೂನಿನಲ್ಲಿ ಮುಂಗಾರಿನ ಮೋಡಗಳು ಕವಿಯುವುದರಿಂದ, ಮಲ್ಲಿತಮ್ಮನ ಕೈಯನ್ನು ಕಾಣಬೇಕೆಂಬವನಿಗೆ ಚೈತ್ರ ವೈಶಾಖಗಳ ಕೆಲವು ವಾರಗಳೇ ಸುಮುಹೂರ್ತ. ಪೆಟ್ಟಿಗೆಯಲ್ಲಿರುವುದು ಹನ್ನೆರಡೇ ಚಿತ್ರಗಳಾದ್ದರಿಂದ ಯಾವ ವಿಗ್ರಹಕ್ಕೆ ಒಂದನ್ನು ವ್ಯಯಮಾಡಬೇಕೆಂದು ಮೊದಲೇ ಗುಡಿಯನ್ನು ಸುತ್ತಿ ನೋಡಬೇಕಾಗುತ್ತದೆ. ಹೀಗೆ ನೋಡುವುದೇ ಶಿಲ್ಪಾಭ್ಯಾಸಕ್ಕೆ ಪೀಠಿಕೆ.

ಉದಕಮಂಡಲದಲ್ಲಿ ೧೯೬೭ರಲ್ಲಿ ತಯಾರಿಕೆಯನ್ನು ಆರಂಭಿಸಿದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಫಿಲ್ಮಿಗೆ ಇಂದು ಎಂಬ ಹೆಸರಿತ್ತು. ಬೆಳ್ಳಿಯ ಲವಣದಿಂದಾದ ವಸ್ತುವಿಗೆ ಚಂದ್ರನ ಹೆಸರು ಒಪ್ಪುವಂಥದೇ. ಆ ಕಾರ್ಖಾನೆಯು ಈಗ ಮುಚ್ಚಿಹೋಗಿದೆ. ಫಿಲ್ಮು ಹೊರದೇಶಗಳಿಂದ ದುಬಾರಿ ಬೆಲೆಗೆ ಬರುತ್ತದೆ. ಫಿಲ್ಮಿನ ಅಗತ್ಯವೇ ಇಲ್ಲದ ಕ್ಯಾಮರಾಗಳು ಎಲ್ಲರ ಜೇಬಿನಲ್ಲಿಯೂ ಇವೆ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ಚಿತ್ರಗಳಿಗೆ ಲೆಕ್ಕವಿಲ್ಲ. ಹಾಗಿದ್ದೂ ಕೆಲವು ತರುಣರು ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸಿ ಧೂಳು ಒರಸುತ್ತಿರುವುದು ಸಂತೋಷದ ವಿಷಯ. ಅವರಿಗೆ ಪುಸ್ತಕಕ್ಕಿಂತ ಹೆಚ್ಚಾಗಿ ಬೇಕಾದುದು, ಈ ಕೆಲಸವನ್ನು ಮಾಡಿ ಬಲ್ಲ ಹಿರಿಯರೊಬ್ಬರ ಎದುರಿನಲ್ಲಿ ಹಾಳಾದ ಸುರುಳಿಯೊಂದನ್ನು ಮೊದಲು ಹಗಲಿನಲ್ಲಿಯೂ, ಆಮೇಲೆ ಕಣ್ಣು ಮುಚ್ಚಿಕೊಂಡೂ ಹತ್ತಾರು ಬಾರಿ ತುಂಬಿ ತೆಗೆಯುವ ಅಭ್ಯಾಸ. ಹಾಗೆ ತೋರಿಸಿಕೊಡಬಲ್ಲವರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಪೆಟ್ಟಿಗೆಯನ್ನು ಹಣ ಕೊಟ್ಟು ಕೊಳ್ಳಬಹುದು. ಕೈಯ ಅಭ್ಯಾಸವು ಕೈಯಿಂದ ಕೈಗೇ ಬರಬೇಕು. ಬೈಚೋಜನೂ ಮಲ್ಲಿತಮ್ಮನೂ ಉಳಿ ಹಿಡಿಯುವುದನ್ನು ಕಲಿತುದು ಹೀಗೆಯೇ ಇರಬೇಕು. ಮನೆಯಲ್ಲಿ ಅಂತಹ ಪೆಟ್ಟಿಗೆಯೂ ಅದನ್ನು ಬಲ್ಲ ಹಿರಿಯರೂ ಇರುವಲ್ಲಿ, ಮಕ್ಕಳು ಈ ಬೇಸಗೆಯಲ್ಲಿಯೇ ಪಾಠಕ್ಕೆ ಕುಳಿತುಕೊಳ್ಳುವುದು ಒಳ್ಳೆಯದು.