ವಿಡಿಯೊ ಗೇಮ್ ಪೈರಸಿ: ನೀತಿ, ಕಾನೂನು ಮತ್ತು ತಯಾರಕರ ಪ್ರತಿತಂತ್ರ

ಹಕ್ಕುದಾರರ ಅನುಮತಿಯಿಲ್ಲದೆ ವಿಡಿಯೊ ಗೇಮ್‌ಗಳನ್ನು ನಕಲು ಮಾಡುವುದು, ಹಂಚುವುದು, ಮಾರುವುದು ಅಥವಾ ಅವುಗಳ ರಕ್ಷಣಾ ವ್ಯವಸ್ಥೆಯನ್ನು ಮುರಿದು ಆಡುವುದನ್ನು ಗೇಮ್ ಪೈರಸಿ ಎನ್ನಲಾಗುತ್ತದೆ. ತಂತ್ರಾಂಶದ ನಕಲು ಕಳ್ಳತನವೇ ಎಂಬ ಜಿಜ್ಞಾಸೆ ಹೊಸದಲ್ಲ. ತಮ್ಮ ಸಂಸ್ಥೆಯ ಬೇಸಿಕ್ ತಂತ್ರಾಂಶವನ್ನು ಬಹುತೇಕರು ಹಣ ತೆರದೆ ಬಳಸುತ್ತಿದ್ದಾರೆಂದು ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ 1976ರಲ್ಲೇ ಬಹಿರಂಗ ಪತ್ರ ಬರೆದಿದ್ದರು.

ಅಮರಗೋಳದ ಚೀಲ, ಗಣಕದ ಕಡತ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಅಮರಗೋಳದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲ ಪ್ರಾಂಗಣವಿದೆ. ಅಲ್ಲಿ ಒಂದು ಚೀಲ ಒಣಮೆಣಸಿನಕಾಯಿ ಕಳುವಾದರೆ ರೈತನ ರಾಶಿಯಲ್ಲಿ ಒಂದು ಚೀಲ ಕಡಿಮೆಯಾಗುತ್ತದೆ. ಗೇಮ್ ನಕಲಾದರೆ ಮೂಲ ಪ್ರತಿ ಇದ್ದಲ್ಲಿಯೇ ಇರುತ್ತದೆ. ಪೈರಸಿಯ ಸಮರ್ಥಕರು ಮುಂದಿಡುವ ಮೊದಲ ವಾದ ಇದು. ಕೊಳ್ಳುವ ಶಕ್ತಿಯೇ ಇಲ್ಲದವನು ನಕಲು ಪ್ರತಿ ಆಡಿದರೆ ತಯಾರಕನಿಗೆ ಆದ ನಷ್ಟವೇನು ಎಂಬುದು ಎರಡನೆಯದು.

ಇದಕ್ಕೆ ಉತ್ತರವೂ ಅದೇ ಮಾರುಕಟ್ಟೆಯಲ್ಲಿದೆ. ಚೀಲದ ಬೆಲೆಯಲ್ಲಿ ರೈತನ ಇಡೀ ಹಂಗಾಮಿನ ದುಡಿಮೆ ಅಡಗಿರುತ್ತದೆ. ಗೇಮ್‌ನ ವಿಷಯದಲ್ಲಿ ಖರ್ಚಿನ ಬಹುಪಾಲು ಮೊದಲ ಪ್ರತಿ ಸಿದ್ಧವಾಗುವ ಮುನ್ನವೇ ಆಗಿಹೋಗಿರುತ್ತದೆ. ನಂತರದ ಪ್ರತಿಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಹೀಗಾಗಿ ಗ್ರಾಹಕ ತೆರುವ ಬೆಲೆ ಹಿಂದಿನ ದುಡಿಮೆಯ ಕೂಲಿಯೇ ಆಗಿದೆ. ಪ್ರತಿ ಕಳುವಾಗದಿದ್ದರೂ ಕೂಲಿ ತಪ್ಪುತ್ತದೆ.

ಕಾನೂನು ಏನು ಹೇಳುತ್ತದೆ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಗಣಕ ತಂತ್ರಾಂಶವು ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. 1994ರ ತಿದ್ದುಪಡಿಯಿಂದ ಬಂದ 63ಬಿ ಕಲಮಿನ ಪ್ರಕಾರ, ನಕಲು ಎಂದು ತಿಳಿದೂ ತಂತ್ರಾಂಶ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲವಾದರೆ ಸೆರೆವಾಸವಿಲ್ಲದೆ, 50 ಸಾವಿರ ರೂಪಾಯಿ ಮೀರದ ದಂಡ ಹಾಕುವ ವಿವೇಚನೆ ನ್ಯಾಯಾಲಯಕ್ಕಿದೆ. ನಕಲು ಮಾರಿ ಹಣ ಗಳಿಸುವವನೂ ಮನೆಯಲ್ಲಿ ಆಡುವ ವಿದ್ಯಾರ್ಥಿಯೂ ಒಂದೇ ಅಲ್ಲವೆಂಬುದನ್ನು ಕಾನೂನೇ ಒಪ್ಪಿದಂತಾಯಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ತಂತ್ರವನ್ನು ಭೇದಿಸುವುದನ್ನು 2012ರ ತಿದ್ದುಪಡಿಯು ಅಪರಾಧವೆಂದು ಸಾರಿತು. ಇದಕ್ಕೆ 2 ವರ್ಷಗಳವರೆಗೆ ಸೆರೆವಾಸವಿದೆ.

ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗೂಂಡಾ ಕಾಯ್ದೆ ಎಂದೇ ಪರಿಚಿತವಾದ 1985ರ ರಾಜ್ಯ ಕಾಯ್ದೆಯ ವ್ಯಾಪ್ತಿಗೆ 2014ರಲ್ಲಿ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಲಾಯಿತು. ವಾಣಿಜ್ಯ ಉದ್ದೇಶದಿಂದ ಕೃತಿಸ್ವಾಮ್ಯ ಉಲ್ಲಂಘಿಸುವವರನ್ನು ವಿಚಾರಣೆಗೆ ಮುನ್ನವೇ ಗರಿಷ್ಠ ಒಂದು ವರ್ಷ ಬಂಧನದಲ್ಲಿಡಲು ಇದರಡಿ ಅವಕಾಶವಿದೆ. ನಕಲು ಹಾವಳಿಗೆ ಮುಂಜಾಗ್ರತಾ ಬಂಧನದಂಥ ಕಠಿಣ ಅಸ್ತ್ರ ತಕ್ಕುದೇ ಎಂಬ ಪ್ರಶ್ನೆಯನ್ನು ಈ ತಿದ್ದುಪಡಿ ಹುಟ್ಟುಹಾಕಿತು.

ತಯಾರಕರ ಪ್ರತಿತಂತ್ರ

ಕೆಲವರು ನಕಲು ಪ್ರತಿಯೊಳಗೇ ಬಲೆ ಹೆಣೆದರು. 1995ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ನಿಂಟೆಂಡೊದ 'ಅರ್ಥ್‌ಬೌಂಡ್' ನಕಲು ಪ್ರತಿಯಾಗಿದ್ದರೆ ಅಂತಿಮ ಕಾಳಗದಲ್ಲಿ ಸ್ತಬ್ಧಗೊಂಡು, ಆಟಗಾರ ಉಳಿಸಿಟ್ಟ ಪ್ರಗತಿಯನ್ನೆಲ್ಲ ಅಳಿಸಿಹಾಕುತ್ತಿತ್ತು. 2013ರಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ತನ್ನ 'ಗೇಮ್ ಡೆವ್ ಟೈಕೂನ್'ನ ವಿಶೇಷ ನಕಲನ್ನು ತಾನೇ ಟೊರೆಂಟ್‌ನಲ್ಲಿ ಹರಿಯಬಿಟ್ಟಿತು. ಗೇಮ್ ಕಂಪನಿ ಕಟ್ಟುವ ಈ ಆಟದಲ್ಲಿ, ನಕಲು ಆಡಿದವರ ಕಾಲ್ಪನಿಕ ಕಂಪನಿ ಪೈರಸಿಯಿಂದಲೇ ದಿವಾಳಿಯಾಗುತ್ತಿತ್ತು! ಮೊದಲ ದಿನದ 3,318 ಆಟಗಾರರಲ್ಲಿ ಹಣ ಕೊಟ್ಟು ಕೊಂಡವರು 214 ಮಂದಿ ಮಾತ್ರ ಎಂದು ಸಂಸ್ಥೆ ಪ್ರಕಟಿಸಿತು.

ದೊಡ್ಡ ಸಂಸ್ಥೆಗಳು ಬೀಗದ ಮೊರೆ ಹೋದವು. ಆದರೆ ಆ ಬೀಗ ಹಲವು ಬಾರಿ ಹಣ ಕೊಟ್ಟವರನ್ನೇ ಹೊರಗಿಟ್ಟಿತು. ಆಡುವಾಗಲೆಲ್ಲ ಅಂತರ್ಜಾಲ ಸಂಪರ್ಕ ಕಡ್ಡಾಯವೆಂದು ಯೂಬಿಸಾಫ್ಟ್ 2010ರಲ್ಲಿ ನಿಯಮ ತಂದಾಗ, ಅದರ ಸರ್ವರ್ ಮೇಲೆ ದಾಳಿ ನಡೆದು ಪ್ರಾಮಾಣಿಕ ಗ್ರಾಹಕರೇ ಆಟದಿಂದ ವಂಚಿತರಾದರು. ಅದೇ ಸಂಸ್ಥೆ 'ದಿ ಕ್ರ್ಯೂ' ಗೇಮ್‌ನ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಸ್ಥಗಿತಗೊಳಿಸಿದಾಗ, ಕೊಂಡವರ ಪ್ರತಿಗಳೂ ನಿರುಪಯುಕ್ತವಾದವು. ಇಂಥ ಗೇಮ್‌ಗಳನ್ನು ಸಂರಕ್ಷಿಸಲು ಬೇರೆ ದಾರಿಯೇನೆಂದು ಹವ್ಯಾಸಿಗಳು ಕೇಳುವುದನ್ನು ತಳ್ಳಿಹಾಕಲಾಗದು.

ಬೆಲೆ ಮತ್ತು ಸೇವೆಯ ದಾರಿ

ಪೈರಸಿ ಬಹುಪಾಲು ಸೇವೆಯ ಸಮಸ್ಯೆಯೇ ಹೊರತು ಬೆಲೆಯದಲ್ಲ ಎಂಬುದು ವಾಲ್ವ್ ಸಂಸ್ಥೆಯ ಗೇಬ್ ನ್ಯೂಯೆಲ್ 2011ರಲ್ಲಿ ಮುಂದಿಟ್ಟ ನಿಲುವು. ಅವರ 'ಸ್ಟೀಮ್' ಮಳಿಗೆ 2015ರಲ್ಲಿ ಭಾರತೀಯರಿಗೆ ರೂಪಾಯಿ ದರ ನಿಗದಿಪಡಿಸಿತು. ಡಾಲರ್ ಲೆಕ್ಕ ಹಾಕುತ್ತಿದ್ದವರಿಗೆ ಅಧಿಕೃತ ಪ್ರತಿ ಹತ್ತಿರವಾಯಿತು. 2008ರಲ್ಲಿ ಆರಂಭವಾದ ಗಾಗ್ ಮಳಿಗೆಯಂತೂ ಯಾವ ಬೀಗವೂ ಇಲ್ಲದೆ ಗೇಮ್ ಮಾರುತ್ತದೆ.

ಈ ಚರ್ಚೆ ಕನ್ನಡನಾಡಿಗೆ ಹೊರಗಿನದಲ್ಲ. ರಾಜೇಶ್ ರಾವ್ ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ದೇಶದ ಆದ್ಯ ಗೇಮ್ ಸಂಸ್ಥೆಗಳಲ್ಲೊಂದು. ವಿದೇಶಿ ಸಂಸ್ಥೆಗಳಿಗೆ ಕೆಲಸ ಮಾಡಿಕೊಡುತ್ತ ಬೆಳೆದ ಇದನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಆಡುವವರಷ್ಟೇ ಇದ್ದ ನಾಡಿನಲ್ಲಿ ಈಗ ತಯಾರಿಸುವವರೂ ಇದ್ದಾರೆ. ದುಡಿದವನಿಗೆ ಕೂಲಿ ಸಿಗಬೇಕು, ಹಣ ಕೊಟ್ಟವನಿಗೆ ಕೊಂಡ ವಸ್ತು ಉಳಿಯಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ವ್ಯಾಪಾರ ನ್ಯಾಯದ್ದೆನಿಸದು. ಅಮರಗೋಳದ ತಕ್ಕಡಿಗೂ ಗಣಕದ ಪರದೆಗೂ ಅನ್ವಯಿಸುವ ಮಾತಿದು.